ಅಜ್ಜ ಚುಚ್ಚಿದ ಬೆರಳು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಪ್ರತಿ ಮಂಗಳವಾರ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ವಯಸ್ಸಾದವರಿಗೆ ಸಕ್ಕರೆ ಕಾಯಿಲೆಯ ಪಾಠ ಹೇಳುವ ನರ್ಸ್ ನಾನು. ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುವವರಿಗೆ ಒಂದೇ ಮಾತನ್ನು ಹತ್ತು ಸಲ ಹೇಳಬೇಕು.

ದರ್ಜಿ ಅಜ್ಜ ಮಾತ್ರ ಹಾಗಲ್ಲ. ಕಾಯಿಲೆ ಅಜ್ಜಿಗೆ, ಕಣ್ಣು ಮಿಟುಕಿಸದೆ ಪಾಠ ಕೇಳುವುದು ಅಜ್ಜ. ದಿನಾ ಬೆಳಿಗ್ಗೆ ಬೆರಳು ಚುಚ್ಚಿ, ಯಂತ್ರದಲ್ಲಿ ನೋಡಿ, ಪುಸ್ತಕದಲ್ಲಿ ಬರೆಯುವುದೂ ಅವರೇ. ರವಿಕೆಯ ಅಳತೆ ಬರೆದಷ್ಟೇ ಅಚ್ಚುಕಟ್ಟು. ಆದರೆ ಎರಡು ತಿಂಗಳಿಂದ ಅಂಕಿಗಳು ಏರುತ್ತಲೇ ಇದ್ದವು. ಡಾಕ್ಟರು ಎರಡು ಸಲ ಅಜ್ಜಿಯ ಮಾತ್ರೆ ಹೆಚ್ಚಿಸಿದ್ದರು.

ಈ ಮಂಗಳವಾರ ಪಾಠದ ನಡುವೆ ಅಜ್ಜಿ ಬೆವೆತುಹೋದರು. ಕೈ ಗಡಗಡ ನಡುಗುತ್ತಿತ್ತು, ಮಾತು ತೊದಲುತ್ತಿತ್ತು. ಪರೀಕ್ಷಿಸಿದರೆ ಐವತ್ತೆರಡು, ತೀರಾ ಕಡಿಮೆ! ಸಕ್ಕರೆ ನೀರು ಕುಡಿಸಿದೆ. ಇನ್ನಷ್ಟು ಇಳಿದಿದ್ದರೆ ಎಚ್ಚರ ತಪ್ಪುತ್ತಿತ್ತು.

ಪುಸ್ತಕದಲ್ಲಿ ಅದೇ ಬೆಳಿಗ್ಗೆ ಬರೆದದ್ದು ಇನ್ನೂರ ಎಂಬತ್ತು.

"ಅಜ್ಜ, ಮನೇಲಿ ಹೇಗೆ ನೋಡ್ತೀರಿ, ತೋರಿಸಿ," ಎಂದು ಸೂಜಿ ಕೊಟ್ಟೆ.

ಅಜ್ಜ ತಟ್ಟನೆ ತಮ್ಮ ಬೆರಳಿಗೇ ಚುಚ್ಚಿಕೊಂಡರು.

"ಅದು ನಿಮ್ಮ ಬೆರಳು!" ಎಂದು ರೇಗಿದೆ.

"ಹೌದಮ್ಮಾ. ಐವತ್ತು ವರ್ಷ ಸೂಜಿ ಚುಚ್ಚಿಸ್ಕೊಂಡ ಬೆರಳು, ಇದಕ್ಕೇನಾಗುತ್ತೆ? ಅವಳಿಗೆ ಚುಚ್ಚೋಕೆ ನನಗೆ ಮನಸ್ಸೇ ಬರಲ್ಲ. ಇಬ್ಬರೂ ಉಣ್ಣೋದು ಒಂದೇ ಅಡುಗೆ, ಒಂದೇ ಹೊತ್ತಿಗೆ. ಸಕ್ಕರೆ ಬೇರೆ ಹೇಗಾಗುತ್ತೆ?"

"ನೀವಾದ್ರೂ ಹೇಳಬಾರದಾ ಅಜ್ಜಿ?"

"ನನಗೂ ಸೂಜಿ ಅಂದ್ರೆ ಭಯ ಕಣಮ್ಮ. ಸುಮ್ಮನಿದ್ದುಬಿಟ್ಟೆ."

ಅಜ್ಜನ ರಕ್ತವನ್ನು ಯಂತ್ರಕ್ಕೆ ಹಾಕಿದೆ. ಇನ್ನೂರ ತೊಂಬತ್ತೊಂದು. ಬಾಯಿಗೆ ಬಂದ ಬೈಗುಳ ಅಲ್ಲೇ ನಿಂತಿತು.

"ಅಜ್ಜ, ನಿಮಗೂ ಈ ಕಾಯಿಲೆ ಇದ್ದ ಹಾಗಿದೆ."

ಅವರಿಗೆ ಅದು ಕೇಳಿಸಲೇ ಇಲ್ಲ. "ನನ್ನ ಸಕ್ಕರೆಗೆ ಅವಳು ಮಾತ್ರೆ ನುಂಗಿದಳಾ?" ಎಂದರು.

ಡಾಕ್ಟರು ಬಂದು ಅಜ್ಜಿಯ ಮಾತ್ರೆ ಇಳಿಸಿದರು, ಅಜ್ಜನ ರಕ್ತಪರೀಕ್ಷೆಗೆ ಚೀಟಿ ಬರೆದುಕೊಟ್ಟರು. ಸಕ್ಕರೆ ನೀರು ಕುಡಿಸಿ ಹದಿನೈದು ನಿಮಿಷ ಕಳೆದಿತ್ತು, ಅಜ್ಜಿಯ ಸಕ್ಕರೆ ಮತ್ತೆ ನೋಡಬೇಕಿತ್ತು. ಹೊಸ ಸೂಜಿಯನ್ನು ನಾನು ಅಜ್ಜನ ಕೈಗೇ ಕೊಟ್ಟೆ. ನೋಡದೆಯೇ ದಾರ ಪೋಣಿಸುವ ಆ ಕೈ ಈಗ ಸೂಜಿ ಹಿಡಿದು ಅರ್ಧದಲ್ಲೇ ನಿಂತಿತು.

"ಚುಚ್ರೀ," ಎಂದು ಅಜ್ಜಿ ಬೆರಳು ಚಾಚಿದರು. "ನಾಳೆಯಿಂದ ನಿಮ್ಮ ಬೆರಳಿಗೆ ಚುಚ್ಚೋದು ನನ್ನ ಪಾಲು."

ಅಜ್ಜ ಉಸಿರು ಬಿಗಿಹಿಡಿದು ಚುಚ್ಚಿದರು.

"ನೋಯ್ತಾ?"

"ನೋಯ್ತು," ಎಂದರು ಅಜ್ಜಿ. ಬೆರಳನ್ನು ಮಾತ್ರ ಅವರ ಕೈಯಲ್ಲೇ ಬಿಟ್ಟಿದ್ದರು.