ತಿಕ್ಕಿದ ಕಾಲು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಬೆಟಗೇರಿಯ ನನ್ನ ಸ್ಕ್ಯಾನಿಂಗ್ ಸೆಂಟರಿಗೆ ಬರುವವರಿಗೆಲ್ಲ ಅದು ಗೊತ್ತು. ಆ ಸಿಟ್ಟಿಗೆ ನಾನೇ ಹೆದರಿದ್ದು ಮಾತ್ರ ಒಮ್ಮೆ.

ಬಾಳೆಹೊಸೂರಿನ ತಿಪ್ಪವ್ವ ಹನ್ನೆರಡು ದಿನದ ಬಾಣಂತಿ ಸೊಸೆ ರೋಜಾಳನ್ನು ಕರೆತಂದಿದ್ದಳು. ಎಡಗಾಲು ತೊಡೆಯವರೆಗೂ ಬಾತಿತ್ತು. ಜೆಲ್ ಹಚ್ಚಿ, ತೊಡೆಸಂದಿಯ ಮೇಲೆ ಮಷೀನಿನ ಪ್ರೋಬ್ ಇಟ್ಟು ಒತ್ತಿದೆ. ಸರಿಯಾಗಿರುವ ರಕ್ತನಾಳ ಒತ್ತಿದರೆ ಚಪ್ಪಟೆಯಾಗಿ ಪರದೆಯಿಂದ ಮಾಯವಾಗುತ್ತದೆ. ಇದು ಆಗಲಿಲ್ಲ. ಇನ್ನೊಮ್ಮೆ ಒತ್ತಿದೆ. ಒಳಗೆ ರಕ್ತ ಹೆಪ್ಪುಗಟ್ಟಿ ಕೂತಿತ್ತು. ಕಾಲು ಔಡಲೆಣ್ಣೆಯ ವಾಸನೆ ಹೊಡೆಯುತ್ತಿತ್ತು.

"ಎಣ್ಣಿ ಹಚ್ಚಿ ತಿಕ್ಕೀರೇನ್ರಿ?"

"ಹೌದ್ರಿ ಬಾಯಾರ. ಬಾವು ಇಳೀಲಿ ಅಂತ ಮುಂಜಾನಿ ಒಂದ್ ತಾಸು ತಿಕ್ಕೇನಿ," ಎಂದಳು ತಿಪ್ಪವ್ವ. ಮಾತಿನಲ್ಲಿ ಹೆಮ್ಮೆಯಿತ್ತು, ಊರಿನ ಬಾಣಂತಿಯರಿಗೆಲ್ಲ ಎಣ್ಣೆ ತಿಕ್ಕಿ ನೀರೆರೆಯುವವಳು ಅವಳೇ.

ನನ್ನ ಪಿತ್ತ ನೆತ್ತಿಗೇರಿತು. "ಇಂಥಾ ಕಾಲು ತಿಕ್ಕಬಾರದ್ರಿ! ಹೆಪ್ಪು ಕಿತ್ಕೊಂಡು ಎದಿಗೆ ಹೋದ್ರ ಅಲ್ಲೇ ಜೀವ ಹೋಗ್ತೈತಿ. ನಿಮ್ಮ ಕೈಯಾರೆ ಕೊಲ್ತಿದ್ರಿ ಈಕಿನ್ನ!"

ಮಲಗಿದ್ದ ರೋಜಾಳೇ ಮೆಲ್ಲಗೆ ಹೇಳಿದಳು: "ನಮ್ಮ ನೆಗೆಣ್ಣಿ, ಇವರ ಹಿರೀ ಸೊಸಿ ನೀಲಾಗೂ ಬಾಣಂತನದಾಗ ಹಿಂಗ ಕಾಲು ಬಾತಿತ್ತಂತ್ರಿ. ಅತ್ತೀನ ತಿಕ್ಕಿ ಎರದಿದ್ರು. ಎದ್ದು ನಿಂತಾಕಿ ಹಂಗ ಕುಸದು ಬಿದ್ದು ಸತ್ಲಂತ. ಗಾಳಿ ಸೋಕೇತಿ ಅಂದ್ರು ಎಲ್ಲಾರೂ."

ಆ ಕತ್ತಲೆ ಕೋಣೆಯಲ್ಲಿ ತಿಪ್ಪವ್ವ ಪರದೆಯನ್ನೇ ನೋಡುತ್ತಿದ್ದಳು.

"ಖರೆ ಹೇಳ್ರಿ ಬಾಯಾರ. ಆಕಿಗೆ ಗಾಳಿ ಸೋಕಿದ್ದಿಲ್ಲೇನು?"

ತಿಕ್ಕದಿದ್ದರೂ ಹೆಪ್ಪು ತಾನಾಗಿಯೇ ಕಿತ್ತು ಬರಬಹುದಿತ್ತು, ಇಂಥದ್ದೇ ಕಾರಣ ಎಂದು ಖಾತ್ರಿಯಾಗಿ ಹೇಳಲಾಗದು ಎಂದೆ. ಅದು ಸುಳ್ಳಲ್ಲ. ಆದರೆ ನನ್ನ ಮೊದಲಿನ ಮಾತು ಆಗಲೇ ಅವಳೊಳಗೆ ಇಳಿದುಬಿಟ್ಟಿತ್ತು.

ಅಂದಿನಿಂದ, ನಾಳ ಚಪ್ಪಟೆಯಾಗದಿದ್ದಾಗಲೆಲ್ಲ ನನ್ನ ಬೆನ್ನ ಹಿಂದೆ ಯಾರೋ ನಿಂತಂತೆ ಅನಿಸುತ್ತದೆ. ನಾನು ಮುಖವನ್ನೇ ನೋಡದ ನೀಲಾ. ಓದಿದವಳು ನಾನು, ಆದರೂ ತಿರುಗಿ ನೋಡಲು ಭಯ.

ರೋಜಾ ಇಂಜೆಕ್ಷನ್ನು, ಗುಳಿಗೆಗಳಿಂದ ಉಳಿದುಕೊಂಡಳು. ಮೂರು ತಿಂಗಳಿಗೆ ಮತ್ತೆ ತೋರಿಸಲು ಬಂದಾಗ ನಾಳ ಒತ್ತಿದ ಕೂಡಲೇ ಚಪ್ಪಟೆಯಾಯಿತು. ನನಗೆ ಎಷ್ಟು ಖುಷಿಯಾಯಿತೆಂದರೆ, ಈ ಸುದ್ದಿಯನ್ನು ತಿಪ್ಪವ್ವನಿಗೆ ನಾನೇ ಹೇಳಬೇಕೆಂದು ಬಾಗಿಲು ತೆರೆದೆ.

ಹೊರಗೆ ಬೆಂಚಿನ ಮೇಲೆ ಮಲಗಿಸಿದ್ದ ರೋಜಾಳ ಕೂಸು ಕಿರುಚಿ ಅಳುತ್ತಿತ್ತು. ಪಕ್ಕದಲ್ಲೇ ಕುಳಿತಿದ್ದ ತಿಪ್ಪವ್ವ ಎರಡೂ ಕೈಗಳನ್ನು ಸೆರಗಿನೊಳಗೆ ಬಿಗಿಯಾಗಿ ಸುತ್ತಿಕೊಂಡು, "ಯಾರರ ಎತ್ಕೊಳ್ರೆವ್ವಾ, ಯಾರರ ಎತ್ಕೊಳ್ರಿ," ಎಂದು ಹೋಗಿಬರುವವರನ್ನು ಬೇಡುತ್ತಿದ್ದಳು.