ಬಿಚ್ಚದ ಬೆಲ್ಟ್

ಮಗಳ ಬೆನ್ನುಮೂಳೆ ಪಕ್ಕಕ್ಕೆ ಬಾಗಿದೆ ಎಂದು ಡಾಕ್ಟರು ಎಕ್ಸ್-ರೇಯಲ್ಲಿ ತೋರಿಸಿದಂದಿನಿಂದ ತಾಯಿಯ ಕಣ್ಣು ಆ ಬೆನ್ನಿನ ಮೇಲೇ. ಬೆಳೆಯುವ ವಯಸ್ಸು, ಎತ್ತರ ಬೆಳೆದಂತೆ ಬಾಗೂ ಹೆಚ್ಚಬಹುದು ಎಂದಿದ್ದರು. ಅದನ್ನು ತಡೆಯಲು ಕಂಕುಳಿನಿಂದ ಸೊಂಟದವರೆಗೆ ಬಿಗಿಯುವ ಗಟ್ಟಿ ಪ್ಲಾಸ್ಟಿಕ್ ಬೆಲ್ಟ್ ಬಂತು. ಊಟ, ಓದು, ನಿದ್ದೆ ಎಲ್ಲ ಅದರೊಳಗೇ.

"ಏನಮ್ಮಾ ಆಮೆ, ಚಿಪ್ಪಿನೊಳಗೆ ಸೆಖೆನಾ?" ಎಂದು ಅಪ್ಪ ರೇಗಿಸುತ್ತಿದ್ದ.

"ನಿಮ್ಮ ಹೊಟ್ಟೆಗೂ ಒಂದು ಮಾಡಿಸೋಣ ಬಿಡಿ ಅಪ್ಪಾ, ಒಳಗೆ ಹೋದ್ರೂ ಹೋಗ್ಬಹುದು."

ಆರು ತಿಂಗಳಿಗೊಮ್ಮೆ ಎಕ್ಸ್-ರೇ. ಹಿಂದಿನ ದಿನವೇ ಬೆಲ್ಟ್ ತೆಗೆದಿಡಿ, ಆಸರೆಯಿಲ್ಲದೆ ಬೆನ್ನು ಹೇಗೆ ನಿಲ್ಲುತ್ತದೆ ಎಂದು ನೋಡಬೇಕು ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ತಾಯಿಗೆ ಆ ಮಾತು ಗಂಟಲಲ್ಲಿ ಇಳಿದಿರಲಿಲ್ಲ.

"ಅಮ್ಮಾ, ಇವತ್ತು ತೆಗೀಬೇಕಲ್ವಾ?" ಮೊದಲ ಎಕ್ಸ್-ರೇಯ ಹಿಂದಿನ ದಿನ ಮಗಳು ಬೆಲ್ಟಿನ ಪಟ್ಟಿಗೆ ಕೈಹಾಕಿದಳು.

"ಸುಮ್ನಿರೇ. ಇಷ್ಟು ತಿಂಗಳು ಒದ್ದಾಡಿದ್ದನ್ನೆಲ್ಲ ಒಂದೇ ದಿನಕ್ಕೆ ಹಾಳು ಮಾಡ್ಕೋಬೇಕಾ? ಅಲ್ಲಿಗೆ ಹೋಗಿ ಬಿಚ್ಚಿದ್ರಾಯ್ತು."

"ಕೇಳಿದ್ರೆ?"

"ನಿನ್ನೆನೇ ಬಿಚ್ಚಿದ್ವಿ ಅನ್ನು."

ಹೀಗೆ ಬೆಲ್ಟ್ ಬಿಚ್ಚಿದ್ದು ಆಸ್ಪತ್ರೆಯಲ್ಲಿ, ಬಟ್ಟೆ ಬದಲಿಸುವ ಪರದೆಯ ಹಿಂದೆ. ಬಾಗು ಹೆಚ್ಚಿಲ್ಲ ಎಂದರು ಡಾಕ್ಟರು. ತಾಯಿಗೆ ಹಾಲು ಕುಡಿದಷ್ಟು ಸಂತೋಷ. ಆ ಸಂತೋಷದ ರುಚಿ ಹತ್ತಿತೋ ಏನೋ, ಮುಂದಿನ ಸಲವೂ ಬಿಚ್ಚಿಸಲಿಲ್ಲ. ಒಳಗೆಲ್ಲೋ ಅಳುಕು ಎದ್ದಾಗಲೆಲ್ಲ, ಮಗಳ ಒಳ್ಳೆಯದಕ್ಕೇ ತಾನೆ ಎಂದು ಅದರ ಬಾಯಿ ಮುಚ್ಚಿಸಿದಳು.

ಮೂರನೆಯ ಸಲ ಎಕ್ಸ್-ರೇ ಕೋಣೆಗೆ ಹೊಸ ಹೆಂಗಸು ಬಂದಿದ್ದಳು. ಗೌನಿನ ದಾರ ಕಟ್ಟುತ್ತಿದ್ದವಳ ಕೈ ನಿಂತಿತು. ಹುಡುಗಿಯ ಪಕ್ಕೆಯಲ್ಲಿ ಬೆಲ್ಟಿನ ಅಂಚು ಕೆಂಪಗೆ ಒತ್ತಿತ್ತು.

"ಯಾವಾಗ ಬಿಚ್ಚಿದ್ದು ಪುಟ್ಟೀ?"

"ನಿನ್ನೆ," ಎಂದಳು ಹುಡುಗಿ ತಟ್ಟನೆ.

"ನಿನ್ನೆ ಬಿಚ್ಚಿದ್ರೆ ಗುರುತು ಇಷ್ಟು ಹಸಿಯಾಗಿ ಇರುತ್ತಾ? ಇವತ್ತು ಬೇಡಮ್ಮ. ತೆಗೆದಿಟ್ಟು ನಾಳೆ ಬನ್ನಿ."

ಮರುದಿನ ಡಾಕ್ಟರು ಹೊಸ ಚಿತ್ರವನ್ನು ಹಳೆಯದರ ಪಕ್ಕಕ್ಕಿಟ್ಟರು. ಗೆರೆ ಎಳೆದು ಅಳೆಯುವ ಮೊದಲೇ ತಾಯಿಗೆ ಕಂಡಿತು. ಮೂಳೆಗಳ ಸಾಲು ಪಕ್ಕಕ್ಕೆ ವಾಲಿಕೊಂಡಿತ್ತು.

"ಹಿಂದಿನ ಎರಡೂ ಸಲ ಬೆಲ್ಟ್ ಹಾಕ್ಕೊಂಡೇ ಬಂದ್ರಾ?" ಡಾಕ್ಟರು ಹುಡುಗಿಯನ್ನು ಕೇಳಿದರು. "ಯಾಕಮ್ಮಾ?"

"ಬಿಚ್ಚೋಕೆ ನಂಗೇ ಭಯ ಆಗ್ತಿತ್ತು. ಅಮ್ಮಂಗೆ ಗೊತ್ತಿಲ್ಲ."

ತಾಯಿ ಥಟ್ಟನೆ ಮಗಳ ಕಡೆ ತಿರುಗಿದಳು.

"ಆಗಷ್ಟೇ ಬಿಚ್ಚಿದ್ರೆ ಬೆನ್ನು ನೆಟ್ಟಗೇ ಕಾಣುತ್ತೆ. ಆಗಲೇ ಗೊತ್ತಾಗಿದ್ರೆ ಬೆಲ್ಟನ್ನ ಬೇರೆ ಥರ ಮಾಡಿಸಿ ನೋಡ್ಬಹುದಿತ್ತು," ಎಂದರು ಡಾಕ್ಟರು. "ಈಗ ಬೆಳವಣಿಗೆ ಮುಗೀತಾ ಬಂದಿದೆ, ಬಾಗೂ ಬೆಲ್ಟಿನ ಕೈ ಮೀರಿದೆ. ಆಪರೇಷನ್ನೇ ದಾರಿ."

"ಆಗ ಮಾಡಿಸಿದ್ರೆ ನಿಲ್ತಿತ್ತಾ ಡಾಕ್ಟ್ರೇ?" ಎಂದಳು ತಾಯಿ.

"ಹೇಳೋಕಾಗಲ್ಲಮ್ಮ. ಒಂದು ಅವಕಾಶ ಅಂತೂ ಇತ್ತು."

ಹೊರಗೆ ಉದ್ದನೆಯ ಹಾದಿಯಲ್ಲಿ ಮಗಳು ಬೆಲ್ಟನ್ನು ಎದೆಗವುಚಿಕೊಂಡು ಮುಂದೆ ನಡೆದಳು. ತೆಳು ಅಂಗಿಯ ಕೆಳಗೆ ಒಂದು ಭುಜ ತಗ್ಗಿತ್ತು.

"ಯಾಕೆ ಹಾಗೆ ಹೇಳ್ದೆ?" ತಾಯಿ ಓಡಿಬಂದು ಜೊತೆಗೂಡಿದಳು.

"ನಿಂಗೆ ಬೈತಿದ್ರು." ಸ್ವಲ್ಪ ದೂರ ನಡೆದಳು. "ಆಪರೇಷನ್ ನೋವಾಗುತ್ತಾ ಅಮ್ಮಾ?"

ಇಲ್ಲ ಎಂಬುದು ನಾಲಿಗೆಯ ತುದಿಗೆ ಬಂದುಬಿಟ್ಟಿತ್ತು.

"ಆಗುತ್ತೆ ಕಂದಾ," ಎಂದಳು ತಾಯಿ. "ತುಂಬಾನೇ ಆಗುತ್ತೆ."

ಮಗಳು ಅವಳ ಮುಖವನ್ನೇ ನೋಡಿದಳು. ಆಮೇಲೆ ಬೆಲ್ಟನ್ನು ಚಾಚಿದಳು.

"ಇದನ್ನ ನೀನು ಹಿಡ್ಕೋ. ನಂಗೆ ಸಾಕಾಯ್ತು."