ಹನ್ನೊಂದು ಗಿರಾಕಿಗಳು, ಒಬ್ಬನೇ ಭಾವಮೈದ

ಫೋಟೋ ತೆಗೆಯುವ ಅವಳಿಗೆ ಗೆಳೆಯರು ಇಟ್ಟ ಹೆಸರು ಹದ್ದುಗಣ್ಣಿ. ಇದ್ದದ್ದನ್ನು ಇದ್ದ ಹಾಗೆ ತೆಗೆಯಬೇಕೆಂಬುದು ಅವಳ ಹಟ. ‘ಸ್ವಲ್ಪ ನಗಿ’, ‘ಈ ಕಡೆ ನೋಡಿ’ ಎಂದು ಇಪ್ಪತ್ತು ವರ್ಷದಲ್ಲಿ ಒಬ್ಬರಿಗೂ ಹೇಳಿದವಳಲ್ಲ. ಸ್ವಂತ ತಂಗಿಯ ಮದುವೆಯಲ್ಲೂ ಹೇಳದೆ, ಮದುಮಗ ಕಣ್ಣು ಮುಚ್ಚಿಕೊಂಡೇ ಇರುವ ಆಲ್ಬಮ್ಮು ಕೊಟ್ಟು ಇವತ್ತಿಗೂ ಬೈಸಿಕೊಳ್ಳುತ್ತಾಳೆ.

ಮೂರು ತಿಂಗಳಿಂದ ಅವಳು ಒಂದೇ ಕುರ್ಚಿಯ ಹಳೇ ಕ್ಷೌರದಂಗಡಿಯಲ್ಲಿ ಕ್ಯಾಮೆರಾ ಹಿಡಿದು ಕೂತಿದ್ದಳು. ಬರುತ್ತೇನೆಂದು ಮೊದಲೇ ತಿಳಿಸಿ ಹೋಗುತ್ತಿದ್ದಳು; ಹೋದಾಗಲೆಲ್ಲ ಕುರ್ಚಿಯಲ್ಲಿ ಗಿರಾಕಿ. ‘ಒಂದು ಬೀದಿಯ ನಿಜ’ ಎಂಬ ಅವಳ ಪ್ರದರ್ಶನಕ್ಕೆ ಎರಡೇ ದಿನ ಉಳಿದಿತ್ತು. ಹನ್ನೊಂದು ಚಿತ್ರಗಳನ್ನು ಊಟದ ಮೇಜಿನ ಮೇಲೆ ಹರಡಿದ್ದಳು. ಅಮ್ಮ ಕನ್ನಡಕ ಏರಿಸಿ ನೋಡಿದರು.

“ಅಲ್ಲ ಕಣೇ, ಈ ಮನುಷ್ಯನಿಗೆ ಬೇರೆ ಕೆಲಸ ಇಲ್ವಾ? ದಿನಾ ಇಲ್ಲೇ ಕೂತಿರ್ತಾನಲ್ಲ.”

ಅಮ್ಮನ ಬೆರಳು ಪೊದೆಗಡ್ಡದವನಿಂದ ಕುರುಚಲು ಗಡ್ಡದವನಿಗೆ, ಬರೀ ಮೀಸೆಯವನಿಗೆ, ಮೀಸೆಯೂ ಇಲ್ಲದವನಿಗೆ, ಕೊನೆಗೆ ನುಣ್ಣಗೆ ಬೋಳಾದವನಿಗೆ ಓಡಿತು. ಹನ್ನೊಂದರಲ್ಲೂ ಎಡಗಿವಿಯ ತುದಿ ಒಂದೇ ಥರ ಮಡಚಿತ್ತು. ಹದ್ದುಗಣ್ಣಿ ಒಂದೊಂದನ್ನೇ ಎತ್ತಿ ಕಣ್ಣ ಹತ್ತಿರ ಹಿಡಿದು ನೋಡಿದಳು. ಕತ್ತರಿ ಆಡಿಸುವ ಬೆರಳುಗಳ ಮೇಲೆ ಕಣ್ಣು ನೆಟ್ಟವಳು ಮೂರು ತಿಂಗಳು ಗಿರಾಕಿಯ ಮುಖವನ್ನೇ ನೋಡಿರಲಿಲ್ಲ.

ಅಂಗಡಿಗೆ ಹೇಳದೆ ಕೇಳದೆ ಓಡಿದಳು. ಕ್ಷೌರಿಕ ತಾನೇ ಕುರ್ಚಿಯಲ್ಲಿ ಮಲಗಿ, ಮುಖಕ್ಕೆ ಪೇಪರು ಹೊದ್ದು ಗೊರಕೆ ಹೊಡೆಯುತ್ತಿದ್ದ. ಎದ್ದವನು ಎಲ್ಲವನ್ನೂ ಒಪ್ಪಿಕೊಂಡ. ಎದುರಿಗೆ ಹೊಸ ಸಲೂನು ಬಂದ ಮೇಲೆ ನೊಣ ಹೊಡೆಯುವುದೇ ಕೆಲಸವಾಗಿತ್ತಂತೆ. ಖಾಲಿ ಅಂಗಡಿ ಫೋಟೋದಲ್ಲಿ ಬಂದರೆ ಮಾನ ಹೋಗುತ್ತದೆಂದು ಹೆಂಡತಿಯ ತಮ್ಮನನ್ನು ಕರೆಸಿ ಕೂರಿಸಿಕೊಂಡನಂತೆ.

“ಇನ್ನು ಅವನ ಹುಬ್ಬು ಮಾತ್ರ ಉಳಿದಿದೆ ಮೇಡಂ,” ಎಂದ, ತಲೆ ತಗ್ಗಿಸಿ.

ಬೈಯಲೆಂದು ಬಂದವಳು ಬಿದ್ದು ಬಿದ್ದು ನಕ್ಕಳು. ನಗು ನಿಂತ ಮೇಲೆ ಭಯವಾಯಿತು. ತೂಗುಹಾಕಿದರೆ ಇಪ್ಪತ್ತು ವರ್ಷದ ಹೆಸರು ಮಣ್ಣುಪಾಲು, ಬಿಟ್ಟರೆ ಗೋಡೆ ಖಾಲಿ. ಇರುವ ವಿಷಯ ಬರೆದೇ ಹಾಕಲೇ ಎಂದು ಅವನನ್ನು ಕೇಳಿದಳು. ಅವನು ಬಹಳ ಹೊತ್ತು ಕತ್ತರಿ ಒರೆಸಿದ.

“ಹಾಕಿ. ಗಿರಾಕಿ ಸುಳ್ಳಿರಬಹುದು, ಕತ್ತರಿಸಿದ್ದು ಸುಳ್ಳಲ್ಲ.”

ಹನ್ನೊಂದನ್ನೂ ಸಾಲಾಗಿ ತೂಗುಹಾಕಿ ಕೆಳಗೆ ಬರೆದಳು: ‘ಇವರೆಲ್ಲ ಒಬ್ಬನೇ, ಕ್ಷೌರಿಕನ ಭಾವಮೈದ. ನನಗೆ ಗೊತ್ತಾಗಲಿಲ್ಲ, ಅಮ್ಮನಿಗೆ ಗೊತ್ತಾಯಿತು.’ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಹತ್ತಿರ ಹೋಗಿ ಮೀಸೆಯ ಅಂಚನ್ನು ನೋಡಿ, ಪರವಾಗಿಲ್ಲ, ಕೈ ಚೆನ್ನಾಗಿದೆ ಅಂದರು. ಮುಂದಿನ ವಾರ ಅಂಗಡಿ ಮುಂದೆ ಬೀದಿ ತಿರುವಿನ ತನಕ ಸಾಲು.

ಹದ್ದುಗಣ್ಣಿ ತುಟಿ ಬಿಚ್ಚದೆ ಆ ಸಾಲನ್ನು ತೆಗೆದು ಪತ್ರಿಕೆಗೆ ಕಳಿಸಿದಳು. ಸಂಪಾದಕರ ಫೋನು ಬಂತು. ಈ ಸಲ ಎಷ್ಟು ಜನ ಭಾವಮೈದಂದಿರನ್ನು ಕರೆಸಿದ್ದೀರಿ ಎಂದು ಕೇಳಿ ನಕ್ಕರು. ಅವಳು ಆಣೆ ಮಾಡಿದರೂ ನಂಬಲಿಲ್ಲ.

ಅವಳಿಗೆ ರೇಗಿಹೋಯಿತು. ಮತ್ತೆ ಅಂಗಡಿಗೆ ಬಂದಳು. ಸಾಲಿನ ಮಧ್ಯೆ ಭಾವಮೈದನಿದ್ದ. ಬೋಳು ತಲೆಯಲ್ಲಿ ಕೂದಲು ಚಿಗುರಿತ್ತು. ಒಂದು ಗಂಟೆಯಿಂದ ನಿಂತಿದ್ದೇನೆ, ಭಾವ ಗುರುತೇ ಹಿಡಿಯುತ್ತಿಲ್ಲ ಎಂದು ಗೊಣಗುತ್ತಿದ್ದ. ಹೇಗಿದ್ದರೂ ನಂಬುವುದಿಲ್ಲವಲ್ಲ ಎಂದುಕೊಂಡ ಹದ್ದುಗಣ್ಣಿ ಬೀದಿಯ ನಡುವೆ ನಿಂತು, ಹುಟ್ಟಿದ ಮೇಲೆ ಮೊದಲ ಸಲ ಕೂಗಿದಳು, “ಎಲ್ಲರೂ ಸ್ವಲ್ಪ ಈ ಕಡೆ ನೋಡಿ!” ಸಾಲೆಲ್ಲ ತಿರುಗಿತು. ಸರಿಯಾಗಿ ಆಗಲೇ ಭಾವಮೈದ ಕಣ್ಣು ಮುಚ್ಚಿ ಸೀನಿದ.

ಆ ಚಿತ್ರ ನೋಡಿದ ಸಂಪಾದಕರು, ಇದು ನೋಡಿ ನಿಜ ಅಂದರೆ, ಇದನ್ನು ಹೇಳಿ ತೆಗೆಯೋಕೆ ಯಾರಿಂದಲೂ ಆಗಲ್ಲ ಎಂದರು.

“ಇಲ್ಲ ಸಾರ್, ಇದೊಂದನ್ನೇ ನಾನು ಹೇಳಿ ತೆಗೆದದ್ದು.”

“ತಮಾಷೆ ಮಾಡಬೇಡಿ,” ಎಂದು ಅವರು ಫೋನಿಟ್ಟರು.